ಕೆನರಾ ಕ್ಷೇತ್ರದಲ್ಲಿ ಅಭ್ಯರ್ಥಿಯ ಧರ್ಮ: 1952ರಿಂದ ಈಚೆಗೆ

1960ರ ಸೆಪ್ಟೆಂಬರ್ 12ರಂದು ಜಾನ್ ಎಫ್. ಕೆನಡಿ ಹ್ಯೂಸ್ಟನ್ನಿನಲ್ಲಿ ಪ್ರೊಟೆಸ್ಟಂಟ್ ಪಾದ್ರಿಗಳ ಮುಂದೆ ನಿಂತು, ಕ್ಯಾಥೊಲಿಕನಾದ ತಾನು ಅಮೆರಿಕದ ಅಧ್ಯಕ್ಷನಾದರೆ ಪೋಪರ ಅಪ್ಪಣೆಯಂತೆ ನಡೆಯುವುದಿಲ್ಲ ಎಂದು ವಿವರಣೆ ಕೊಡಬೇಕಾಯಿತು. 1928ರಲ್ಲಿ ಆಲ್ ಸ್ಮಿತ್ ಎಂಬ ಇನ್ನೊಬ್ಬ ಕ್ಯಾಥೊಲಿಕ್ ಅಭ್ಯರ್ಥಿ ಹರ್ಬರ್ಟ್ ಹೂವರ್ ಎದುರು ಸೋತಿದ್ದ ನೆನಪು ಅಲ್ಲಿ ಇನ್ನೂ ಹಸಿಯಾಗಿತ್ತು. ಆ ಹೊತ್ತಿಗೆ ಇತ್ತ ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಸೇರಿದ್ದ ಕೆನರಾ ಲೋಕಸಭಾ ಕ್ಷೇತ್ರ ಒಬ್ಬ ಕ್ಯಾಥೊಲಿಕರನ್ನು ಎರಡು ಸಲ ಗೆಲ್ಲಿಸಿ ದಿಲ್ಲಿಗೆ ಕಳಿಸಿಯಾಗಿತ್ತು. 1962ರಲ್ಲಿ ಮೂರನೆಯ ಸಲವೂ ಕಳಿಸಿತು. ಅವರು ಜೋಕಿಂ ಆಳ್ವ, ಕಾಂಗ್ರೆಸ್ ಅಭ್ಯರ್ಥಿ.

ನಮ್ಮಲ್ಲಿ ರಾಷ್ಟ್ರಪತಿಯನ್ನು ಆರಿಸುವವರು ಸಂಸದರು ಮತ್ತು ಶಾಸಕರು. ಹಾಗಾಗಿ ಶಿರಸಿ ಬಳಿಯ ಹೆಗಡೆಕಟ್ಟಾದಂಥ ಹಳ್ಳಿಯ ಮತದಾರರ ಅಂಗಳಕ್ಕೆ ಬರುವ ದೊಡ್ಡ ಪ್ರಚಾರವೆಂದರೆ ಲೋಕಸಭೆಯದು. ಅಭ್ಯರ್ಥಿಯ ಧರ್ಮಕ್ಕೆ ಪ್ರಚಾರದಲ್ಲಿ ಎಷ್ಟು ಜಾಗವಿತ್ತು ಎಂಬುದನ್ನು ಅಳೆಯಬೇಕಾದದ್ದೂ ಅಲ್ಲಿಯೇ.

ಆಳ್ವರು ಹುಟ್ಟಿದ್ದು ಉಡುಪಿ ಬಳಿಯ ಬೆಳ್ಳೆಯಲ್ಲಿ, ಬೆಳೆದದ್ದು ಮುಂಬಯಿಯ ಪತ್ರಿಕೋದ್ಯಮ ಮತ್ತು ರಾಷ್ಟ್ರೀಯ ಚಳವಳಿಯಲ್ಲಿ. ಹವ್ಯಕರು, ನಾಮಧಾರಿಗಳು, ಹಾಲಕ್ಕಿಗಳು ಹೆಚ್ಚಾಗಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿ ಅವರಿಗೆ ಜಾತಿಯ ಬಲವಾಗಲಿ ಧರ್ಮದ ಬಲವಾಗಲಿ ಇರಲಿಲ್ಲ. ಆದರೂ ಗೆದ್ದರು. ಇದಕ್ಕೆ ಎರಡು ಕಾರಣಗಳು ನನಗೆ ಕಾಣುತ್ತವೆ.

ಮೊದಲನೆಯದು ಕರನಿರಾಕರಣೆ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರ ಭಾಗದ ರೈತರು ಕಂದಾಯ ಕಟ್ಟದೆ ಜಮೀನು ಕಳೆದುಕೊಂಡಿದ್ದರು, ಮನೆಮಾರು ಜಪ್ತಾಗುವುದನ್ನು ಕಣ್ಣಾರೆ ಕಂಡಿದ್ದರು. ಅಂಥ ಮನೆಗಳಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷ್ಠೆ ಅಭ್ಯರ್ಥಿ ಯಾವ ದೇವರಿಗೆ ಕೈಮುಗಿಯುತ್ತಾನೆ ಎಂಬ ಪ್ರಶ್ನೆಗಿಂತ ದೊಡ್ಡದಾಗಿತ್ತು.

ಎರಡನೆಯದು ಮತ ಹಾಕುವ ವಿಧಾನ. ಮೊದಲ ಚುನಾವಣೆಯಲ್ಲಿ ಮತಪತ್ರದ ಮೇಲೆ ಯಾವ ಅಭ್ಯರ್ಥಿಯ ಹೆಸರೂ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದಕ್ಕೆ ಅಂಟಿಸಿದ ಗುರುತು. ಮತದಾರ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರುತ್ತಿದ್ದ. ಕಾಂಗ್ರೆಸ್ಸಿನ ಪೆಟ್ಟಿಗೆಯ ಮೇಲಿದ್ದದ್ದು ಜೋಡೆತ್ತು. ಎತ್ತಿನ ಚಿತ್ರದೊಳಗೆ ಆಳ್ವರ ಹೆಸರೂ ಧರ್ಮವೂ ಅಡಗಿಹೋದವು ಎಂದರೆ ಅತಿಯಾಗದು. ರಾಜಕೀಯ ಇತಿಹಾಸಕಾರರು ಈ ಪೆಟ್ಟಿಗೆಗೆ ಇನ್ನೂ ಹೆಚ್ಚಿನ ಮಹತ್ವ ಕೊಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

1967ರಲ್ಲಿ ಪಕ್ಷದ ನಿಷ್ಠೆ ಸಡಿಲವಾಯಿತು. ಆದರೂ ಆ ಜಾಗಕ್ಕೆ ಧರ್ಮ ಬರಲಿಲ್ಲ. ಗೆದ್ದವರು ಪಕ್ಷೇತರರಾದ ಚುಟುಕು ಕವಿ ದಿನಕರ ದೇಸಾಯಿ. ರೈತ ಹೋರಾಟಕ್ಕಾಗಿ ಬ್ರಿಟಿಷರಿಂದ ಗಡಿಪಾರಾಗಿ, ಮುಂದೆ ಕೆನರಾ ವೆಲ್‌ಫೇರ್ ಟ್ರಸ್ಟ್ ಮೂಲಕ ಶಾಲೆಗಳನ್ನು ಕಟ್ಟಿದವರು. ದೇಶದ ಮಟ್ಟದಲ್ಲಿ ನೋಡಿದರೆ, ಅದೇ ವರ್ಷ ಝಾಕಿರ್ ಹುಸೇನ್ ರಾಷ್ಟ್ರಪತಿಯಾದರು, ಆ ಸ್ಥಾನಕ್ಕೇರಿದ ಮೊದಲ ಮುಸ್ಲಿಮರು.

ತಿರುವು ಬಂದದ್ದು ತೊಂಬತ್ತರ ದಶಕದಲ್ಲಿ. ಅಯೋಧ್ಯೆಯ ಚಳವಳಿ, 1993ರಲ್ಲಿ ತಿಂಗಳುಗಟ್ಟಲೆ ನಡೆದ ಭಟ್ಕಳದ ಕೋಮುಗಲಭೆ, 1994ರ ಆಗಸ್ಟ್ 15ರಂದು ಹುಬ್ಬಳ್ಳಿ ಈದ್ಗಾ ಮೈದಾನದ ಧ್ವಜಾರೋಹಣ ವಿವಾದದಲ್ಲಿ ನಡೆದ ಗೋಲಿಬಾರ್, 1996ರ ಏಪ್ರಿಲ್ 10ರಂದು ಭಟ್ಕಳದ ಬಿಜೆಪಿ ಶಾಸಕ ಡಾ. ಯು. ಚಿತ್ತರಂಜನ್ ಅವರ ಹತ್ಯೆ ಒಂದರ ಬೆನ್ನಿಗೊಂದು ನಡೆದವು. ಆ ಹತ್ಯೆಯಾದ ಕೆಲವೇ ವಾರಗಳಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿ, ಶಿರಸಿಯ ಅನಂತಕುಮಾರ ಹೆಗಡೆ ಮೊದಲ ಸಲ ಗೆದ್ದರು. ಇಲ್ಲಿಂದ ಮುಂದೆ ಪ್ರಚಾರದಲ್ಲಿ ಮಾತಿಗೆ ಬಂದದ್ದು ಅಭ್ಯರ್ಥಿಯ ಸ್ವಂತ ಭಕ್ತಿಗಿಂತ ಹೆಚ್ಚಾಗಿ ಮತದಾರರ ಧರ್ಮ. ಕೆನಡಿ ತನ್ನ ನಂಬಿಕೆಗೆ ಉತ್ತರ ಹೇಳಬೇಕಾಗಿತ್ತು. ಇಲ್ಲಿ ಮತದಾರನೇ ತನ್ನ ಧರ್ಮಕ್ಕೆ ತಾನು ನಿಷ್ಠನೇ ಎಂದು ಉತ್ತರಿಸಬೇಕಾದ ಸ್ಥಿತಿ ಬಂತು. ಈ ವ್ಯತ್ಯಾಸವನ್ನು ಗಮನಿಸದೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಇತಿಹಾಸ ತಪ್ಪಿಹೋಗುತ್ತದೆ.

ಹಾಗೆಂದು ಇದು ಏಕಮುಖ ಬದಲಾವಣೆಯೂ ಅಲ್ಲ. 1999ರಲ್ಲಿ ಇದೇ ಕ್ಷೇತ್ರ ಅನಂತಕುಮಾರ ಹೆಗಡೆಯವರನ್ನು ಸೋಲಿಸಿ ಕಾಂಗ್ರೆಸ್ಸಿನ ಮಾರ್ಗರೆಟ್ ಆಳ್ವರನ್ನು ಆರಿಸಿತು. ಅವರು ಜೋಕಿಂ ಆಳ್ವರ ಸೊಸೆ, ಕ್ರೈಸ್ತರು. ಅದೇ ಚುನಾವಣೆಯಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಅಲೆಯಿತ್ತು ಎಂಬುದು ನಿಜ. ಆದರೆ ಧರ್ಮವೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವವರು ಈ ಫಲಿತಾಂಶಕ್ಕೆ ಉತ್ತರ ಹೇಳಲೇಬೇಕು. 2004ರಲ್ಲಿ ಹೆಗಡೆ ಸ್ಥಾನ ಮರಳಿ ಪಡೆದರು. ಮಾರ್ಗರೆಟ್ ಆಳ್ವ 2022ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ಪ್ರತಿಪಕ್ಷಗಳ ಅಭ್ಯರ್ಥಿಯಾಗಿ ಜಗದೀಪ್ ಧನಕರ್ ಎದುರು ಸೋತರು.

ಇನ್ನು ಕಾನೂನು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಮಿನ ಪ್ರಕಾರ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಅಭ್ಯರ್ಥಿಯದಷ್ಟೇ ಅಲ್ಲ, ಮತದಾರರ ಧರ್ಮವನ್ನು ಮುಂದಿಟ್ಟು ಕೇಳಿದರೂ ಅದು ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು 4–3ರ ಬಹುಮತದಿಂದ ಹೇಳಿತು. ಕೆನರಾದ ಅನುಭವ ನೋಡಿದರೆ, ಈ ತೀರ್ಪು ಇಪ್ಪತ್ತು ವರ್ಷ ಮೊದಲೇ ಬರಬೇಕಿತ್ತು. ರಾಷ್ಟ್ರಪತಿ, ಉಪರಾಷ್ಟ್ರಪತಿ ಚುನಾವಣೆಗಳ 1952ರ ಕಾಯ್ದೆಯಲ್ಲಾದರೋ ಲಂಚ ಮತ್ತು ಅನುಚಿತ ಪ್ರಭಾವದ ಮಾತಿದೆ. ಧರ್ಮದ ಹೆಸರಿನ ಕೋರಿಕೆಗೆ ಪ್ರತ್ಯೇಕ ನಿಷೇಧವಿಲ್ಲ.

ಕಾನೂನು ತಡೆಯದ ಕೆಲವು ಸಂಗತಿಗಳೂ ಇವೆ. ಅಭ್ಯರ್ಥಿಗಳು ಶಿರಸಿಯ ಮಾರಿಗುಡಿಯಲ್ಲಿ ಪೂಜೆ ಮಾಡಿಸುತ್ತಾರೆ, ಸ್ವರ್ಣವಲ್ಲಿ ಮಠಕ್ಕೆ ಹೋಗಿ ಮಂತ್ರಾಕ್ಷತೆ ಪಡೆಯುತ್ತಾರೆ. ಇದನ್ನೇ ಧಾರ್ಮಿಕ ಪ್ರಚಾರವೆಂದು ಕರೆಯಲು ನಾನು ಒಪ್ಪುವುದಿಲ್ಲ. ಮಲೆನಾಡಿನಲ್ಲಿ ಅಡಿಕೆ ಕೊಯ್ಲಿಗೂ ಮದುವೆಗೂ ಜನ ದೇವರ ಮುಂದೆ ನಿಂತೇ ಹೊರಡುತ್ತಾರೆ. ನಾಮಪತ್ರದ ಜೊತೆಗಿನ ಪ್ರಮಾಣವಚನದಲ್ಲೂ ದೇವರ ಹೆಸರಿನಲ್ಲಿ ಅಥವಾ ಸತ್ಯನಿಷ್ಠೆಯಿಂದ ಎಂಬ ಎರಡು ದಾರಿಗಳನ್ನು ಸಂವಿಧಾನವೇ ತೆರೆದಿಟ್ಟಿದೆ. ಗುಡಿಯಿಂದ ಹೊರಬಂದು ಮೈಕಿನ ಮುಂದೆ ಅಭ್ಯರ್ಥಿ ಏನು ಹೇಳಿದ ಎಂಬುದನ್ನು ಪರೀಕ್ಷಿಸಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿ ಗೆದ್ದ ವಿಶ್ವೇಶ್ವರ ಹೆಗಡೆ ಕಾಗೇರಿ ಮತ್ತು ಎದುರಾಳಿ ಅಂಜಲಿ ನಿಂಬಾಳ್ಕರ್ ಇಬ್ಬರೂ ಹಿಂದೂಗಳೇ. ಆದ್ದರಿಂದ ಅಡಿಕೆ ದರ, ಬೆಟ್ಟಭೂಮಿ, ಅರಣ್ಯ ಅತಿಕ್ರಮಣ ಸಕ್ರಮದ ಪ್ರಶ್ನೆಗಳಿಗೆ ಭಾಷಣಗಳಲ್ಲಿ ಸಿಕ್ಕ ಜಾಗವೆಷ್ಟು, ಧರ್ಮಕ್ಕೆ ಸಿಕ್ಕದ್ದೆಷ್ಟು ಎಂದು ಹೋಲಿಸಿ ನೋಡಲು ಆ ಚುನಾವಣೆಯ ಕರಪತ್ರಗಳು ಮತ್ತು ಧ್ವನಿಮುದ್ರಣಗಳೇ ಮುಂದಿನ ಸಂಶೋಧಕರಿಗೆ ಸರಿಯಾದ ಆಕರ.