ಚಿತ್ರ ನಿಂತಾಗ: ಗದಗ ಸೀಮೆಯಲ್ಲಿ ದೋಷ ಹುಡುಕುವ ಕಸುಬು

ದೂರದಿಂದ ಬರುವ ಚಿತ್ರ ದಾರಿಯಲ್ಲಿ ಎಲ್ಲಿ ಕೆಟ್ಟಿತೆಂದು ಹುಡುಕಿ ಸರಿಪಡಿಸುವ ಕಸುಬು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಟಿ.ವಿ.ಯ ಜೊತೆಗೇ ಬಂದದ್ದು. ಆಂಟೆನಾದಿಂದ ಶುರುವಾಗಿ ಕೇಬಲ್ ದಾಟಿ ಇಂದು ಫೈಬರ್ ಮತ್ತು ವಿಡಿಯೊ ಸರ್ವರ್‌ವರೆಗೆ ಬಂದಿರುವ ಈ ಕಸುಬಿನ ಬೇರು ರೇಡಿಯೊ ರಿಪೇರಿ ಅಂಗಡಿಗಳಲ್ಲಿದೆ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಈ ಭಾಗದ ಊರುಗಳಲ್ಲಿ ರೇಡಿಯೊ ಹೆಚ್ಚಿತು. ಹೆಚ್ಚಿದಂತೆ ಅದನ್ನು ಬಿಚ್ಚಿ ನೋಡಬಲ್ಲವರೂ ಹೆಚ್ಚಿದರು. ಮುಂದೆ ಟಿ.ವಿ. ಬಂದಾಗ ಅದರ ಮುಚ್ಚಳ ತೆಗೆದವರು ಹೆಚ್ಚಾಗಿ ಇವರೇ.

ಟಿ.ವಿ. ಮೊದಲು ಬಂದದ್ದು ಜಿಲ್ಲೆಯ ಗಡಿಯಾಚೆಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಟಿ.ವಿ. ಪ್ರಯೋಗ 'ಸೈಟ್'ಗೆ ಕರ್ನಾಟಕದಲ್ಲಿ ಆಯ್ದುಕೊಂಡಿದ್ದು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಅಮೆರಿಕದ ಎಟಿಎಸ್-6 ಉಪಗ್ರಹದ ಸಂಕೇತವನ್ನು ಹಳ್ಳಿಗಳಲ್ಲಿ ಸುಮಾರು 3 ಮೀಟರ್ ಅಗಲದ ಜಾಲರಿ ಡಿಶ್ ಹಿಡಿಯುತ್ತಿತ್ತು. ಒಂದೇ ಚಿತ್ರಕ್ಕೆ ಕನ್ನಡ, ತೆಲುಗು ಎರಡು ಧ್ವನಿಗಳಿರುತ್ತಿದ್ದವು. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳು ಆಗ ಧಾರವಾಡ ಜಿಲ್ಲೆಗೆ ಸೇರಿದ್ದರಿಂದ ಈ ಪ್ರಯೋಗದಿಂದ ಹೊರಗುಳಿದವು. ಮುಂಡರಗಿಯ ಪಕ್ಕದ ಕೊಪ್ಪಳ ಮಾತ್ರ ಅಂದು ಪ್ರಯೋಗಕ್ಕೆ ಆಯ್ದ ರಾಯಚೂರು ಜಿಲ್ಲೆಯಲ್ಲಿತ್ತು.

1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಮೇಲೇರಿತು. ಮರುವರ್ಷ ದೇಶದ ತುಂಬ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಒಂದರ ಹಿಂದೊಂದು ತಲೆಯೆತ್ತಿದವು. ಇಂಥ ಕೇಂದ್ರದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಚಿತ್ರ ಚೆನ್ನಾಗಿ ಸಿಗುತ್ತಿದ್ದದ್ದು 15-25 ಕಿ.ಮೀ. ಒಳಗೆ. ಅದರಾಚೆಯ ಊರುಗಳಿಗೆ ಉದ್ದನೆಯ ಪೈಪು, ಹೆಚ್ಚು ಕಡ್ಡಿಗಳ ಆಂಟೆನಾ, ಅದರ ಬುಡಕ್ಕೊಂದು ಬೂಸ್ಟರ್ ಬೇಕಾಯಿತು. ಮೇಲಾಗಿ ಇಲ್ಲಿ ಕಪ್ಪತಗುಡ್ಡ ಅಡ್ಡ ಬರುತ್ತದೆ. ಗದಗದ ಬಳಿಯಿಂದ ಆಗ್ನೇಯಕ್ಕೆ ತುಂಗಭದ್ರೆಯ ಕಡೆಗೆ ಚಾಚಿದ ಈ ಗುಡ್ಡಸಾಲಿನ ಪಡುವಣಕ್ಕೆ ಶಿರಹಟ್ಟಿ, ಮೂಡಣಕ್ಕೆ ಡಂಬಳ, ಡೋಣಿ, ಮುಂಡರಗಿ. ಟಿ.ವಿ. ಅಲೆಗಳು ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುವುದರಿಂದ ಗುಡ್ಡದ ಮರೆಯಲ್ಲಿದ್ದ ಊರಿಗೆ ಕೇಂದ್ರ ಹತ್ತಿರವಿದ್ದರೂ ಚಿತ್ರ ಸಿಗುತ್ತದೆಂಬ ಖಾತ್ರಿ ಇರಲಿಲ್ಲ.

ಒಬ್ಬರು ಮಾಳಿಗೆಯ ಮೇಲೆ ಪೈಪು ತಿರುಗಿಸುವುದು, ಇನ್ನೊಬ್ಬರು ಅಂಗಳದಲ್ಲಿ ನಿಂತು ಒಳಗಿನವರ ಮಾತನ್ನು ಮೇಲಕ್ಕೆ ಕೂಗಿ ಹೇಳುವುದು: "ಬಂತೇನಪಾ?" "ಬಂತ್ ಬಂತ್... ಹೋತ್ ನೋಡ್ರಿ, ಸ್ವಲ್ಪ ಹಿಂದಕ್ಕ!" 'ರಾಮಾಯಣ', 'ಮಹಾಭಾರತ'ಗಳ ಕಾಲದ ಭಾನುವಾರ ಬೆಳಿಗ್ಗೆ ಈ ಕೂಗು ಓಣಿ ಓಣಿಯಲ್ಲಿ ಕೇಳುತ್ತಿತ್ತು. ನೋಡಲು ತಮಾಷೆಯಾದರೂ ಇದರಲ್ಲಿ ಕ್ರಮವಿತ್ತು. ಪರದೆಯ ಮೇಲೆ ಕಂಡ ಲಕ್ಷಣವೇ ದೋಷದ ಜಾಗ ತೋರಿಸುತ್ತಿತ್ತು. ಇಡೀ ಚಿತ್ರ ಚುಕ್ಕಿ ಚುಕ್ಕಿಯಾದರೆ ಸಂಕೇತ ಸಾಲದು. ಒಂದೇ ಮುಖ ಎರಡಾಗಿ, ಪಕ್ಕದಲ್ಲಿ ನೆರಳಿನಂತೆ ಕಂಡರೆ ಅಲೆ ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ತಡವಾಗಿ ಮತ್ತೊಮ್ಮೆ ಬರುತ್ತಿದೆ. ಬೂಸ್ಟರ್ ಹಾಕಿದರೆ ನೆರಳೂ ಬಲಿಯುವುದೇ ಹೊರತು ಹೋಗದು, ಆಂಟೆನಾದ ದಿಕ್ಕು ಬದಲಿಸಬೇಕು. ಅಡ್ಡಡ್ಡ ಚುಕ್ಕಿಗೆರೆ ಓಡಿದರೆ ಹತ್ತಿರದಲ್ಲೆಲ್ಲೋ ಮೋಟರ್ ಕಿಡಿ ಹಾರಿಸುತ್ತಿದೆ. ಚಿತ್ರ ನಾಲ್ಕೂ ಕಡೆಯಿಂದ ಒಳಕ್ಕೆ ಕುಗ್ಗಿ ಸುತ್ತ ಕಪ್ಪು ಅಂಚು ಬಂದರೆ ವೋಲ್ಟೇಜ್ ಇಳಿದಿದೆ. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಗಳಲ್ಲಿ ಇದು ಮಾಮೂಲು. ಅದಕ್ಕೇ ಟಿ.ವಿ.ಯ ಜೊತೆಗೆ ಸ್ಟೆಬಿಲೈಜರ್ ಕೊಳ್ಳುವುದು ಕಟ್ಟಳೆಯಂತಾಯಿತು. ದೋಷ ಕೇಂದ್ರದ್ದೇ ಆದಾಗ ದೂರದರ್ಶನವೇ 'ಅಡಚಣೆಗಾಗಿ ವಿಷಾದ' ಎಂಬ ಫಲಕ ಹಾಕುತ್ತಿತ್ತು. ಮಾಳಿಗೆ ಹತ್ತುವ ಕೆಲಸ ತಪ್ಪುತ್ತಿತ್ತು. ಇಷ್ಟು ಸ್ಪಷ್ಟವಾಗಿ ತಪ್ಪೊಪ್ಪಿಕೊಂಡ ಪ್ರಸಾರ ಸಾಧನ ಆಮೇಲೆ ಬಂದಿಲ್ಲ.

1990ರ ದಶಕದಲ್ಲಿ ಕೇಬಲ್ ಬಂತು. 1994ರ ಜೂನ್‌ನಲ್ಲಿ ಉದಯ ಟಿ.ವಿ. ಶುರುವಾದ ಮೇಲೆ ಅದಕ್ಕಾಗಿಯೇ ಕನೆಕ್ಷನ್ ಕೇಳುವವರು ಹೆಚ್ಚಿದರು. 1995ರಲ್ಲಿ ಈ ವ್ಯವಹಾರಕ್ಕೆ ಕಾನೂನೂ ಆಯಿತು. ಊರಿಗೊಂದು ಕಂಟ್ರೋಲ್ ರೂಮು, ಅದರ ಮಾಳಿಗೆಯ ಮೇಲೆ ದೊಡ್ಡ ಡಿಶ್‌ಗಳು, ಅಲ್ಲಿಂದ ವಿದ್ಯುತ್ ಕಂಬಗಳ ಮೇಲೆ ಹಾದು ಮನೆಗಳಿಗೆ ಇಳಿಯುವ ವಾಯರು. ವಾಯರಿನಲ್ಲಿ ಸಂಕೇತ ಸೋರುತ್ತದೆ. ಕಂಪನಾಂಕ ಏರಿದಷ್ಟೂ ಸೋರಿಕೆ ಹೆಚ್ಚು. ಮನೆಗೆ ಎಳೆಯುವ ಆರ್‌ಜಿ-6 ವಾಯರಿನಲ್ಲಿ 100 ಮೀಟರಿಗೆ ಕೆಳಗಿನ ಚಾನೆಲ್‌ಗಳು ಸುಮಾರು 5 ಡೆಸಿಬೆಲ್ ಕಳೆದುಕೊಂಡರೆ ತುದಿಯ ಚಾನೆಲ್‌ಗಳು 18ರ ಆಸುಪಾಸು ಕಳೆದುಕೊಳ್ಳುತ್ತವೆ. ಆದ್ದರಿಂದ ಮೇಲಿನ ನಂಬರಿನ ಚಾನೆಲ್‌ಗಳಷ್ಟೇ ಮಸುಕಾದರೆ ಲೈನು ಉದ್ದವಾಯಿತೆಂದೋ ಜಾಯಿಂಟಿಗೆ ಮಳೆನೀರು ಇಳಿದಿದೆಯೆಂದೋ ಕೇಬಲ್ ಹುಡುಗ ಕಂಬ ಹತ್ತುವ ಮೊದಲೇ ಊಹಿಸುತ್ತಿದ್ದ. ನಡುವೆ ಆಂಪ್ಲಿಫೈಯರ್ ಇಟ್ಟರೆ ಸಂಕೇತ ಏರುತ್ತದೆ, ಆದರೆ ಪ್ರತಿಯೊಂದೂ ತನ್ನ ಪಾಲಿನ ಗದ್ದಲವನ್ನು ಸೇರಿಸುತ್ತದೆ. ಆಂಪ್ಲಿಫೈಯರ್ ಇರುವ ಓಣಿಯಲ್ಲಿ ಕರೆಂಟು ಹೋದರೆ ಕರೆಂಟಿರುವ ಮುಂದಿನ ಓಣಿಯಲ್ಲೂ ಟಿ.ವಿ. ನಿಲ್ಲುತ್ತಿತ್ತು. ಜಗಳ ಮಾತ್ರ ಆಪರೇಟರನ ಬಾಗಿಲಿಗೆ ಬರುತ್ತಿತ್ತು.

ಈ ಕಂಟ್ರೋಲ್ ರೂಮುಗಳಲ್ಲೇ ಸ್ಥಳೀಯ ಚಾನೆಲ್ ಎಂಬ ಹೊಸ ಬಗೆ ಹುಟ್ಟಿತು. ಒಂದು ವಿ.ಸಿ.ಆರ್., ಮುಂದೆ ಡಿ.ವಿ.ಡಿ., ಆಮೇಲೆ ಒಂದು ಕಂಪ್ಯೂಟರ್: ಜಾತ್ರೆ, ಪ್ರವಚನ, ಊರಿನ ಸುದ್ದಿ, ರಾತ್ರಿಗೊಂದು ಸಿನಿಮಾ. ಇಂದಿನ ವಿಡಿಯೊ ಸರ್ವರಿನ ಊರಿನ ಪೂರ್ವಜ ಇದು. ದೋಷ ಹುಡುಕುವವರಿಗೆ ಇದರಿಂದ ಸಿಕ್ಕ ಸೂತ್ರ ಇಂದಿಗೂ ಹಳತಾಗಿಲ್ಲ. ಎಲ್ಲ ಚಾನೆಲ್ ಕೆಟ್ಟರೆ ದೋಷ ಲೈನಿನದು; ಒಂದೇ ಕೆಟ್ಟರೆ ಮೂಲದ್ದು. ಸ್ಥಳೀಯ ಚಾನೆಲ್ ಒಂದರಲ್ಲೇ ಚುಕ್ಕಿ ಕಂಡರೆ ವಿ.ಸಿ.ಆರ್.ನ ಹೆಡ್ ಕೊಳೆಯಾಗಿದೆ, ಅಷ್ಟೆ.

ಕೇಬಲ್ ಡಿಜಿಟಲ್ ಆಗಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದದ್ದು ಹಂತ ಹಂತವಾಗಿ. ಸಣ್ಣ ಊರು, ಹಳ್ಳಿಗಳನ್ನೊಳಗೊಂಡ ಕೊನೆಯ ಹಂತದ ಗಡುವು 2017ರ ಮಾರ್ಚ್‌ವರೆಗೆ ಹೋಯಿತು. ಡಿಜಿಟಲ್ ಚಿತ್ರ ನಿಧಾನವಾಗಿ ಕೆಡುವುದಿಲ್ಲ. ಸಂಕೇತ ಒಂದು ಮಟ್ಟದವರೆಗೆ ಇಳಿದರೂ ನಿಚ್ಚಳವಾಗಿರುತ್ತದೆ, ಅದರ ಕೆಳಗೆ ಚೌಕ ಚೌಕವಾಗಿ ಒಡೆಯುತ್ತದೆ, ಮರುಗಳಿಗೆ ಪರದೆ ಖಾಲಿ. ನಾಳೆ ಕೆಡುತ್ತದೆಂಬ ಮುನ್ಸೂಚನೆ ಕಣ್ಣಿಗೆ ಸಿಗದೆ, ಮೀಟರು ಹಿಡಿಯದ ಮೆಕ್ಯಾನಿಕ್‌ಗೆ ಕೆಲಸ ಕಷ್ಟವಾಯಿತು.

ಅಷ್ಟರಲ್ಲಿ ಚಿತ್ರ ಬರುವ ದಾರಿಯೇ ಬದಲಾಗಿತ್ತು. 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾಗಿ ಮೊಬೈಲ್ ಡೇಟಾ ಅಗ್ಗವಾಯಿತು; ಕೇಬಲ್ ಆಪರೇಟರುಗಳಲ್ಲಿ ಅನೇಕರು ಅದೇ ಕಂಬಗಳ ಮೇಲೆ ಫೈಬರ್ ಎಳೆದು ಬ್ರಾಡ್‌ಬ್ಯಾಂಡ್ ಕೊಡತೊಡಗಿದರು. ಗ್ರಾಹಕರ ದೂರು ಈಗ ಒಂದೇ: "ಬರೇ ತಿರಗಾಕತ್ತೈತ್ರಿ." ಪರದೆಯ ನಡುವೆ ತಿರುಗುವ ಆ ಚಕ್ರದ ಹಿಂದೆ ಹತ್ತು ಕಾರಣಗಳಿರಬಹುದು, ಹತ್ತಕ್ಕೂ ಮುಖ ಒಂದೇ. ಹಳೆಯ ಮೆಕ್ಯಾನಿಕನ ಅರ್ಧ ವಿದ್ಯೆ ಲಕ್ಷಣ ನೋಡಿ ರೋಗ ಹೇಳುವುದರಲ್ಲಿತ್ತು. ಆ ಅರ್ಧವನ್ನು ಈ ಚಕ್ರ ಕಸಿದುಕೊಂಡಿತು. ಉಳಿದದ್ದು ಪರದೆಯಿಂದ ಮೂಲದ ಕಡೆಗೆ ಒಂದೊಂದೇ ಗಂಟು ಮುಟ್ಟುತ್ತ ಹೋಗುವ ಕ್ರಮ.

ಚಕ್ರ ಯಾಕೆ ತಿರುಗುತ್ತದೆಂಬುದು ಸರಳ ಲೆಕ್ಕ. 2009ರಲ್ಲಿ ಆಪಲ್ ತಂದ ಎಚ್‌ಎಲ್‌ಎಸ್ ಮತ್ತು ಅದೇ ಜಾಡಿನ ಪದ್ಧತಿಗಳಲ್ಲಿ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಕಳಿಸುತ್ತಾರೆ. 6 ಸೆಕೆಂಡಿನ ತುಣುಕು ಇಳಿಯಲು 7 ಸೆಕೆಂಡ್ ಹಿಡಿದರೆ ಮುಂಚಿತವಾಗಿ ಇಳಿಸಿಟ್ಟ ದಾಸ್ತಾನಿನಲ್ಲಿ ಪ್ರತಿ ತುಣುಕಿಗೂ 1 ಸೆಕೆಂಡ್ ಕರಗುತ್ತದೆ. ಫೋನಿನಲ್ಲಿ ಮೊದಲೇ 18 ಸೆಕೆಂಡಿನ ದಾಸ್ತಾನಿದ್ದರೆ ಎರಡು ನಿಮಿಷ ಸುರಳೀತವಾಗಿ ಓಡಿ ಆಮೇಲೆ ನಿಲ್ಲುತ್ತದೆ. "ಮೊದಲು ಚೊಲೊ ಇತ್ತು, ಆಮೇಲೆ ಕೆಟ್ಟಿತು" ಎನ್ನುವ ಗ್ರಾಹಕನ ಲೈನು ಅನೇಕ ಸಲ ಮೊದಲಿನಿಂದಲೂ ಸೋತೇ ಇರುತ್ತದೆ.

ಹುಡುಕಾಟ ಮನೆಯ ವೈಫೈಯಿಂದ ಶುರು. ನಂತರ ಫೈಬರಿನ ಬೆಳಕು: ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ಪದ್ಧತಿಯ ಮನೆಪೆಟ್ಟಿಗೆಗೆ ಬರುವ ಬೆಳಕು ಸುಮಾರು ಮೈನಸ್ 27 ಡಿಬಿಎಂಗಿಂತ ಕೆಳಗಿಳಿದರೆ ಸಂಪರ್ಕ ಅಸ್ಥಿರ, ಕೊಳೆಯಾದ ಕನೆಕ್ಟರ್, ಮಡಚಿದ ಫೈಬರ್ ಇದಕ್ಕೆ ಸಾಮಾನ್ಯ ಕಾರಣ. ಬೆಳಿಗ್ಗೆ ಸರಿಯಿದ್ದು ರಾತ್ರಿ ಊಟದ ಹೊತ್ತಿಗೆ ಕೆಟ್ಟರೆ, ಒಂದೇ ಪೋರ್ಟನ್ನು 32 ಅಥವಾ 64 ಮನೆಗಳು ಹಂಚಿಕೊಂಡಿರುವುದನ್ನೋ ಊರಿಂದ ಹೊರಹೋಗುವ ಲೈನು ತುಂಬಿರುವುದನ್ನೋ ಶಂಕಿಸಬೇಕು. ದೊಡ್ಡ ಕಂಪನಿಗಳು ಜನ ಹೆಚ್ಚು ನೋಡುವ ವಿಡಿಯೊಗಳ ಪ್ರತಿಯನ್ನು ಇಂಟರ್‌ನೆಟ್ ಪೂರೈಕೆದಾರರ ಜಾಲದೊಳಗೇ ಇಡುವುದು ಈ ಹೊರೆ ತಗ್ಗಿಸಲು. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಅದೂ ಸಾಲದೆ, ಮೊಬೈಲ್ ಜಾಲದಲ್ಲಿ 480ಪಿಗಿಂತ ಹೆಚ್ಚಿನ ಗುಣಮಟ್ಟ ಕೊಡದಿರಲು ವಿಡಿಯೊ ಕಂಪನಿಗಳು ತಾತ್ಕಾಲಿಕವಾಗಿ ಒಪ್ಪಿಕೊಂಡವು.

ಎಲ್ಲ ಆ್ಯಪ್ ಓಡಿ ಒಂದೇ ನಿಂತರೆ ದೋಷ ಸರ್ವರ್ ಕಡೆಯದು, ಕೇಬಲ್ ಕಾಲದ ಸೂತ್ರದಂತೆ. ಸರ್ವರ್ ಊರಿನದೇ ಆದರೆ ಅದರಲ್ಲಿ ಮೊದಲು ನೋಡಬೇಕಾದದ್ದು ಜಾಲದ ಪೋರ್ಟು. 1 ಗಿಗಾಬಿಟ್ ಪೋರ್ಟಿನಿಂದ 3 ಮೆಗಾಬಿಟ್‌ನ ವಿಡಿಯೊ ಕಾಗದದ ಮೇಲೆ 333 ಜನಕ್ಕೆ ಸಾಲುತ್ತದೆ, ನಿಜದಲ್ಲಿ 300ಕ್ಕೆ ಏದುಸಿರು ಬರುತ್ತದೆ. ಪೋರ್ಟು ತುಂಬದೆಯೂ ನಿಧಾನವಾದರೆ ಡಿಸ್ಕ್ ನೋಡಬೇಕು: ಎಲ್ಲರೂ ಒಂದೇ ಸಿನಿಮಾ ನೋಡುತ್ತಿದ್ದರೆ ಅದು ಮೆಮೊರಿಯಲ್ಲೇ ಉಳಿಯುತ್ತದೆ; ನೂರು ಜನ ನೂರು ಸಿನಿಮಾ ಕೇಳಿದರೆ, ಸೆಕೆಂಡಿಗೆ ನೂರರ ಆಸುಪಾಸು ಜಾಗ ಹುಡುಕಬಲ್ಲ ಹಾರ್ಡ್‌ಡಿಸ್ಕ್‌ನ ಮುಳ್ಳು ಓಡಾಡುವುದರಲ್ಲೇ ಸೋಲುತ್ತದೆ. ವಿಡಿಯೊ ಶುರುವಾಗುವುದೇ ತಡವಾದರೆ ಎಂಪಿ4 ಫೈಲಿನ ಸೂಚಿ ತಲೆಯಲ್ಲಿಲ್ಲದೆ ಬಾಲದಲ್ಲಿರಬಹುದು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಫೈಲನ್ನು ಒಮ್ಮೆ ಮರುಜೋಡಿಸಿದರೆ ಆಯಿತು.

ಜಾತ್ರೆ, ಪ್ರವಚನಗಳ ನೇರಪ್ರಸಾರದಲ್ಲಿ ಕಷ್ಟ ತಿರುಗಮುರುಗ. ನೋಡುವವರಿಗಾಗಿ ದೊಡ್ಡ ಕಂಪನಿಯ ಸರ್ವರ್ ಇದೆ. ಸೋಲುವುದು ಊರಿಂದ ಅಲ್ಲಿಗೆ ಏರುವ ದಾರಿ. ತೇರಿನ ಬಯಲಿನಲ್ಲಿ ಸಾವಿರಾರು ಫೋನುಗಳು ಒಂದೇ ಟವರಿಗೆ ಜೋತುಬಿದ್ದಾಗ ಸಿಮ್ ನಂಬಿ ಪ್ರಸಾರ ಮಾಡುವವರ ಚಿತ್ರ ನಿಲ್ಲುತ್ತದೆ. ಕಂಪ್ಯೂಟರ್ ಒಂದು ಸೆಕೆಂಡಿನ ಚಿತ್ರವನ್ನು ಒಂದು ಸೆಕೆಂಡಿನೊಳಗೆ ಸಂಕುಚಿಸಲಾರದೆ ಹೋದರೂ ಫಲ ಅದೇ. ಬಯಲಿಗೆ ಫೈಬರ್ ಎಳೆಯುವುದು, 1080ಪಿ ಬಿಟ್ಟು 720ಪಿಗೆ ಇಳಿಯುವುದು, ಪೆಟ್ಟಿಗೆಗಳಿಗೆಲ್ಲ ಯುಪಿಎಸ್ ಕೊಡುವುದು ಇದರ ರೂಢಿಯ ಪರಿಹಾರಗಳು. ನೇರಪ್ರಸಾರ ನೋಡುವವರಿಗೆ ಹತ್ತಾರು ಸೆಕೆಂಡ್ ತಡವಾಗಿ ತಲುಪುವುದರಿಂದ ಪ್ರಸಾರ ಮಾಡುವವರ ಯಂತ್ರದಲ್ಲಿ ದೋಷ ಕಾಣದೆಯೂ ಇರಬಹುದು. ಅದಕ್ಕೆ ಬೇರೆ ಕಂಪನಿಯ ಸಿಮ್ ಹಾಕಿದ ಫೋನೊಂದನ್ನು ಪಕ್ಕದಲ್ಲಿಟ್ಟು, ಅದರಲ್ಲಿ ತಮ್ಮದೇ ಪ್ರಸಾರವನ್ನು ನೋಡುತ್ತಿರಬೇಕಾಗುತ್ತದೆ.