ಬೆಂಗೇರಿಯ ಬಾವುಟ, ಷರತ್ತಿನ ಪಾಠ

1957ರ ನವೆಂಬರ್ 1ರಂದು, ಏಕೀಕರಣಕ್ಕೆ ಒಂದು ವರ್ಷ ತುಂಬಿದ ದಿನವೇ, ಗಾಂಧಿವಾದಿಗಳ ಗುಂಪೊಂದು ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ಕಟ್ಟಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬೇರೂರಿದ ಈ ಸಂಘ 2006ರಲ್ಲಿ ಭಾರತೀಯ ಮಾನಕ ಬ್ಯೂರೋದ ಪ್ರಮಾಣೀಕರಣ ಪಡೆದು ರಾಷ್ಟ್ರಧ್ವಜಕ್ಕೆ ಹೆಸರಾಯಿತು. ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಗ್ಗಗಳಿಂದ ಬರುತ್ತದೆ. ಬಣ್ಣ, ಚಕ್ರದ ಮುದ್ರಣ, ಹೊಲಿಗೆ ಎಲ್ಲ ಬೆಂಗೇರಿಯಲ್ಲೇ.

ಇಲ್ಲಿ ಕಣ್ಣಳತೆಗೆ ಜಾಗವಿಲ್ಲ. 1951ರಲ್ಲಿ ರೂಪುಗೊಂಡ ಧ್ವಜದ ಮಾನಕವೇ ಇಲ್ಲಿನ ಕಾನೂನು. ಅಳತೆಗಳು ಒಂಬತ್ತು: 6300×4200 ಮಿ.ಮೀ.ನಿಂದ 150×100 ಮಿ.ಮೀ.ವರೆಗೆ. ಉದ್ದ–ಅಗಲ 3:2. ಚಕ್ರಕ್ಕೆ 24 ಅರ.

ಪ್ರೋಗ್ರಾಮಿಂಗ್ ಕಲಿಯಲು ಕೂತ ಹುಡುಗ ಹುಡುಗಿಯರಿಗೆ ‘ಇಫ್–ಎಲ್ಸ್’ ಹೇಳಿಕೊಡಲು ಇದಕ್ಕಿಂತ ಹತ್ತಿರದ ಉದಾಹರಣೆ ಈ ಊರಲ್ಲಿ ಸಿಗಲಿಕ್ಕಿಲ್ಲ. ಧ್ವಜಸಂಹಿತೆಯನ್ನೇ ನೋಡಿ: 150×100 ಆದರೆ ಮೇಜಿಗೆ, 225×150 ಆದರೆ ಕಾರಿಗೆ, 450×300 ಆದರೆ ಗಣ್ಯರ ವಿಮಾನಕ್ಕೆ. ‘ಎಲ್ಸ್ ಇಫ್’ ಸರಪಳಿ ಇಲ್ಲೇ ಇದೆ. ಅನುಪಾತ ನೋಡಲು ಉದ್ದದ ಎರಡರಷ್ಟು ಅಗಲದ ಮೂರರಷ್ಟಕ್ಕೆ ಸಮವೇ ಎಂದು ಕೇಳಿದರೆ ಸಾಕು, ದಶಮಾಂಶದ ತೊಡಕೇ ಇಲ್ಲ.

ಹೊಸಬರು ಎಡವುವುದು ‘ಆ್ಯಂಡ್’, ‘ಆರ್’ಗಳಲ್ಲಿ. ಬಾವುಟ ಪಾಸಾಗಲು ಅಳತೆಯೂ ಸರಿ, ಬಣ್ಣವೂ ಸರಿ, ಅರಗಳೂ 24 ಇರಬೇಕು: ನಡುವೆ ‘ಆ್ಯಂಡ್’. ತಿರಸ್ಕರಿಸಲು ಒಂದು ದೋಷ ಸಾಕು: ಅಲ್ಲಿ ‘ಆರ್’. ಪಾಸಿನ ಷರತ್ತಿನಲ್ಲಿ ‘ಆರ್’ ಬರೆದವರ ಪ್ರೋಗ್ರಾಂ 23 ಅರಗಳ ಬಾವುಟವನ್ನೂ ಹಾರಿಸಿಬಿಡುತ್ತದೆ. ಕಂಪ್ಯೂಟರ್ ತಕರಾರು ಮಾಡುವುದಿಲ್ಲ. ತಪ್ಪು ಹಾಗೇ ಉಳಿಯುತ್ತದೆ.

ಒಂದು ‘ಅಥವಾ’ದ ತೂಕ ಎಷ್ಟೆಂದು ಬೆಂಗೇರಿ ಬಲ್ಲದು. 2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜಸಂಹಿತೆಯಲ್ಲಿ ಬಾವುಟ ಕೈನೂಲಿನ, ಕೈನೇಯ್ಗೆಯ ಬಟ್ಟೆಯದೇ ಆಗಬೇಕಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಅದಕ್ಕೆ ‘ಅಥವಾ ಯಂತ್ರದಿಂದ ತಯಾರಿಸಿದ್ದು’ ಎಂಬುದನ್ನು ಸೇರಿಸಿತು. ಪಾಲಿಯೆಸ್ಟರ್‌ಗೂ ಬಾಗಿಲು ತೆರೆಯಿತು. ಅಗ್ಗದ ಬಾವುಟಗಳು ಖಾದಿಯ ಎದುರು ಪೈಪೋಟಿಗೆ ನಿಂತವು. 2022ರಲ್ಲಿ ಸಂಘ ಪ್ರತಿಭಟನೆಗಿಳಿಯಿತು. ನೂಲುವ, ನೇಯುವ, ಹೊಲಿಯುವ ಕೈಗಳ ಅನ್ನದ ಪ್ರಶ್ನೆ ಅದು. ಅವರ ಸಿಟ್ಟು ನ್ಯಾಯವಾದದ್ದೇ.

ಹುಬ್ಬಳ್ಳಿ–ಧಾರವಾಡದ ಕಂಪ್ಯೂಟರ್ ಶಿಕ್ಷಕರು ಷರತ್ತಿನ ಪಾಠಕ್ಕೆ ಮುಂಚೆ ವಿದ್ಯಾರ್ಥಿಗಳನ್ನು ಒಮ್ಮೆ ಬೆಂಗೇರಿಗೆ ಕರೆದೊಯ್ಯಲಿ. ಮರಳುವಾಗ ಒಂದು ಖಾದಿ ಬಾವುಟವನ್ನೂ ಕೊಳ್ಳಲಿ.