ಬೆರಳಚ್ಚು, ಒಟಿಪಿ, ಪಾಸ್‌ಕೀ: ದೃಢೀಕರಣದ ವಿಧಾನಗಳು ಮತ್ತು ಮಿತಿಗಳು

ಬ್ಯಾಂಕ್ ಖಾತೆ, ಇ-ಮೇಲ್, ಪಡಿತರ ಅಂಗಡಿ ಹೀಗೆ ಬಹುತೇಕ ಸೇವೆಗಳು ಇಂದು ವ್ಯಕ್ತಿಯ ಗುರುತನ್ನು ಖಚಿತಪಡಿಸಿಕೊಂಡ ನಂತರವೇ ಬಾಗಿಲು ತೆರೆಯುತ್ತವೆ. ಈ ಪ್ರಕ್ರಿಯೆಯನ್ನು ದೃಢೀಕರಣ ಎನ್ನಲಾಗುತ್ತದೆ.

ಮೂರು ಆಧಾರಗಳು

ದೃಢೀಕರಣಕ್ಕೆ ಮೂರು ಬಗೆಯ ಆಧಾರಗಳಿವೆ. ಪಾಸ್‌ವರ್ಡ್ ಅಥವಾ ಪಿನ್‌ನಂತೆ ಬಳಕೆದಾರನಿಗೆ ಮಾತ್ರ ತಿಳಿದಿರುವುದು ಮೊದಲನೆಯದು. ಮೊಬೈಲ್, ಚಿಪ್ ಇರುವ ಕಾರ್ಡ್‌ನಂತೆ ಆತನ ಬಳಿ ಇರುವುದು ಎರಡನೆಯದು. ಬೆರಳಚ್ಚು, ಕಣ್ಣಿನ ಪಾಪೆ, ಮುಖದಂತೆ ಆತನ ದೇಹದ ಭಾಗವೇ ಆಗಿರುವುದು ಮೂರನೆಯದು. ಇವುಗಳಲ್ಲಿ ಬೇರೆ ಬೇರೆ ಬಗೆಯ ಎರಡು ಅಥವಾ ಹೆಚ್ಚಿನದನ್ನು ಒಟ್ಟಿಗೆ ಕೇಳುವುದೇ ಬಹು ಅಂಶಗಳ ದೃಢೀಕರಣ. ಎರಡು ಪಾಸ್‌ವರ್ಡ್ ಕೇಳಿದ ಮಾತ್ರಕ್ಕೆ ಅದು ಬಹು ಅಂಶವಾಗದು.

ಎಟಿಎಂ ಇದಕ್ಕೆ ಚಿರಪರಿಚಿತ ಉದಾಹರಣೆ. ಕಾರ್ಡ್ ಕದ್ದವನಿಗೆ ಪಿನ್ ತಿಳಿಯದು, ಪಿನ್ ಕಂಡವನ ಕೈಯಲ್ಲಿ ಕಾರ್ಡ್ ಇರದು. ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಕಡ್ಡಾಯಗೊಳಿಸಿತು.

ಬೆರಳಚ್ಚಿನ ಬಲ ಮತ್ತು ದೌರ್ಬಲ್ಯ

ಬೆರಳಚ್ಚಿನ ಬಳಕೆಗೆ ಭಾರತದಲ್ಲಿ ದೀರ್ಘ ಇತಿಹಾಸವಿದೆ. ಬಂಗಾಳದಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್ 1858ರಲ್ಲಿಯೇ ಕರಾರು ಪತ್ರಕ್ಕೆ ಅಂಗೈ ಗುರುತು ಪಡೆದಿದ್ದರು. 1897ರಲ್ಲಿ ಕೋಲ್ಕತ್ತದಲ್ಲಿ ಬೆರಳಚ್ಚು ಕೇಂದ್ರ ಆರಂಭವಾಯಿತು. ಮೊದಲ ಆಧಾರ್ ಸಂಖ್ಯೆ ವಿತರಣೆಯಾದದ್ದು 2010ರ ಸೆಪ್ಟೆಂಬರ್ 29ರಂದು. ಆಧಾರ್‌ಗಾಗಿ 10 ಬೆರಳುಗಳ ಅಚ್ಚು, ಎರಡೂ ಕಣ್ಣುಗಳ ಪಾಪೆ ಹಾಗೂ ಮುಖದ ಚಿತ್ರ ಸಂಗ್ರಹಿಸಲಾಗುತ್ತದೆ.

ಬೆರಳಚ್ಚನ್ನು ಮರೆಯುವ ಭಯವಿಲ್ಲ. ಆದರೆ ಅದು ಗುಟ್ಟೂ ಅಲ್ಲ. ಮುಟ್ಟಿದ ಕಡೆಯಲ್ಲೆಲ್ಲ ಉಳಿಯುತ್ತದೆ. ಜಪಾನಿನ ಸಂಶೋಧಕ ತ್ಸುತೊಮು ಮಾತ್ಸುಮೊತೊ ಮತ್ತು ಸಂಗಡಿಗರು 2002ರಲ್ಲಿ ಜೆಲಟಿನ್ ಬೆರಳಿನಿಂದ ಬೆರಳಚ್ಚು ಯಂತ್ರಗಳನ್ನು ವಂಚಿಸಬಹುದೆಂದು ತೋರಿಸಿದರು. ಅಮೆರಿಕದ ಸರ್ಕಾರಿ ಸಿಬ್ಬಂದಿ ನಿರ್ವಹಣಾ ಕಚೇರಿಯಿಂದ ಸುಮಾರು 56 ಲಕ್ಷ ಜನರ ಬೆರಳಚ್ಚು ಕಳವಾದದ್ದು 2015ರಲ್ಲಿ ಬಹಿರಂಗವಾಯಿತು. ಕಳೆದುಹೋದ ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಈ ಅಪಾಯ ಕರ್ನಾಟಕಕ್ಕೂ ತಟ್ಟಿತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಹಣ ಪಡೆಯಬಹುದು. ಪಿನ್ ಅಥವಾ ಒಟಿಪಿ ಬೇಕಿಲ್ಲ. 2023ರಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಗಳಿಂದ ಹೀಗೆ ಹಣ ಹೋದ ದೂರುಗಳು ರಾಜ್ಯದಲ್ಲಿ ದಾಖಲಾದವು. ನೋಂದಾಯಿತ ದಸ್ತಾವೇಜುಗಳಲ್ಲಿದ್ದ ಆಧಾರ್ ಸಂಖ್ಯೆ ಹಾಗೂ ಹೆಬ್ಬೆಟ್ಟಿನ ಗುರುತು ದುರ್ಬಳಕೆಯಾದ ಶಂಕೆ ವ್ಯಕ್ತವಾಯಿತು. ಆಧಾರ್ ಸಂಖ್ಯೆ ಹತ್ತಾರು ಕಡೆ ನೀಡಲಾಗುವಂಥದ್ದು. ಹೀಗಾಗಿ ಇಲ್ಲಿ ಖಾತೆಯನ್ನು ಕಾಯುವುದು ವಾಸ್ತವವಾಗಿ ಬೆರಳಚ್ಚು ಒಂದೇ.

ಇನ್ನೊಂದೆಡೆ, ಮಣ್ಣು, ಸಿಮೆಂಟಿನ ಕೆಲಸದಲ್ಲಿ ಬೆರಳ ಗೆರೆ ಸವೆದ ಕಾರ್ಮಿಕರು ಹಾಗೂ ವೃದ್ಧರನ್ನು ಯಂತ್ರ ಗುರುತಿಸದೆ ಹೋಗುವುದುಂಟು. ಅಂಥವರಿಗೆ ಪರ್ಯಾಯ ವಿಧಾನವಿಲ್ಲದಿದ್ದರೆ ಪಡಿತರವೇ ಕೈತಪ್ಪುತ್ತದೆ.

ಒಟಿಪಿಯಿಂದ ಪಾಸ್‌ಕೀವರೆಗೆ

ಎಸ್‌ಎಂಎಸ್ ಮೂಲಕ ಬರುವ ಒಟಿಪಿ ಸರಳ ವಿಧಾನ. ಆದರೆ ನಕಲಿ ಸಿಮ್ ಪಡೆದು ಅಥವಾ ಮಾತಿನಲ್ಲಿ ಮರುಳುಗೊಳಿಸಿ ವಂಚಕರು ಅದನ್ನು ಪಡೆಯುತ್ತಾರೆ. ಮೊಬೈಲ್‌ನಲ್ಲಿಯೇ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ಸೃಷ್ಟಿಸುವ ಆ್ಯಪ್‌ಗಳಿಗೆ ಸಿಮ್ ವಂಚನೆಯ ಭಯವಿಲ್ಲ. ಆದರೂ ಆ ಸಂಖ್ಯೆಯನ್ನು ನಕಲಿ ತಾಣದಲ್ಲಿ ನಮೂದಿಸಿದರೆ ಮೋಸ ತಪ್ಪದು.

ಆಪಲ್, ಗೂಗಲ್, ಮೈಕ್ರೋಸಾಫ್ಟ್ ಸಂಸ್ಥೆಗಳು 2022ರಲ್ಲಿ ಒಟ್ಟಾಗಿ ಬೆಂಬಲ ಘೋಷಿಸಿದ ಪಾಸ್‌ಕೀ ಈ ಕೊರತೆಯನ್ನು ನೀಗಿಸುತ್ತದೆ. ಇದರಲ್ಲಿ ಗುಪ್ತ ಕೀಲಿ ಬಳಕೆದಾರನ ಬಳಿಯೇ ಉಳಿದು, ಅಸಲಿ ತಾಣಕ್ಕೆ ಮಾತ್ರ ಸ್ಪಂದಿಸುತ್ತದೆ. ಬೆರಳಚ್ಚು ಕೇವಲ ಆ ಕೀಲಿಯನ್ನು ತೆರೆಯುತ್ತದೆ, ತಾಣಕ್ಕೆ ರವಾನೆಯಾಗುವುದಿಲ್ಲ.

ಬಳಕೆದಾರರು ಏನು ಮಾಡಬಹುದು?

ಆಧಾರ್ ಪ್ರಾಧಿಕಾರದ ಜಾಲತಾಣ ಅಥವಾ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಕೊಂಡು, ಅಗತ್ಯವಿದ್ದಾಗ ಮಾತ್ರ ತೆರೆಯುವುದು ಸೂಕ್ತ. ಇ-ಮೇಲ್ ಖಾತೆಗೆ ಎರಡನೆಯ ಅಂಶ ಅಳವಡಿಸುವುದು ಅತ್ಯವಶ್ಯ. ಏಕೆಂದರೆ ಇತರ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳು ಅಲ್ಲಿಗೇ ಬರುತ್ತವೆ. ಹಣ ಕಳೆದುಕೊಂಡವರು ವಿಳಂಬಿಸದೆ ಬ್ಯಾಂಕಿಗೆ ಹಾಗೂ 1930 ಸಹಾಯವಾಣಿಗೆ ದೂರು ನೀಡಬೇಕು.